ಆರನೇ ತಿಂಗಳ ಫೋಟೊ ಎಲ್ಲಿ?

ಮೊಡವೆಗೆ ಬೆಳಕಿನ ಚಿಕಿತ್ಸೆ ಕೊಡುವ ಕ್ಲಿನಿಕ್ಕುಗಳ ಜಾಹೀರಾತನ್ನು ನೀವು ನೋಡಿಯೇ ಇರುತ್ತೀರಿ. ಎರಡು ಫೋಟೊ, ನಡುವೆ ಒಂದು ಗೆರೆ. ಎಡಗಡೆಯ ಮುಖ ಕೆಂಪಗೆ, ಗುಳ್ಳೆಗುಳ್ಳೆಯಾಗಿ, ಮಂಕು ಬೆಳಕಿನಲ್ಲಿ. ಬಲಗಡೆಯದು ನುಣ್ಣಗೆ, ಕಿಟಕಿಯ ಪಕ್ಕ ಕೂತಂತೆ ಬೆಳಗುತ್ತ. ಕೆಳಗೆ ‘ಪೇಷಂಟ್ ಎಕ್ಸ್‌ಪೀರಿಯನ್ಸ್’ ಎಂಬ ತಲೆಬರಹ, ಐದು ನಕ್ಷತ್ರ, ಎರಡು ಸಾಲು ಹೊಗಳಿಕೆ.

ನನ್ನ ತಕರಾರು ಈ ತಲೆಬರಹದ ಬಗ್ಗೆ. ಇಲ್ಲಿ ರೋಗಿಯ ಅನುಭವ ಎಂದು ತೋರಿಸುತ್ತಿರುವುದು ನಾಲ್ಕು ವಾರದ ಅನುಭವವನ್ನು. ಐದನೇ ವಾರದಿಂದ ಮುಂದೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ, ಬರೆದಿಡುವುದೂ ಇಲ್ಲ. ಮೊಡವೆಯಾದರೋ ಹೋಗಿ ಬಂದು ಮಾಡುತ್ತ ವರ್ಷಗಟ್ಟಲೆ ಇರುವ ಕಾಯಿಲೆ. ಅಂಥ ಕಾಯಿಲೆಯ ಚಿಕಿತ್ಸೆಯನ್ನು ನಾಲ್ಕು ವಾರದ ಫೋಟೊ ತೋರಿಸಿ ಮಾರುವುದು ಮೋಸ. ಮಾರುವವರು ಬಿಳಿ ಕೋಟು ತೊಟ್ಟಿದ್ದರೂ ಮೋಸವೇ.

ಮೊದಲು ಬೆಳಕಿನ ಪಾಲಿನ ನ್ಯಾಯ ಸಲ್ಲಿಸಿಬಿಡುತ್ತೇನೆ. ಬೆಳಕಿನ ಚಿಕಿತ್ಸೆ ಬೂಟಾಟಿಕೆಯಲ್ಲ. ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯಕ್ಕೆ ಬೆಳಕಿನಿಂದ ಚಿಕಿತ್ಸೆ ಕೊಟ್ಟು 1903ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ. ಮೊಡವೆಯ ವಿಷಯದಲ್ಲೂ ಇದರ ಹಿಂದೆ ಒಂದು ವಿಜ್ಞಾನವಿದೆ. ನಮ್ಮ ರೋಮಕೂಪಗಳಲ್ಲಿ ವಾಸಿಸುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಪಾರ್ಫೈರಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಸುಮಾರು 415 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು ಬಿದ್ದರೆ ಈ ಪಾರ್ಫೈರಿನ್ ಅದನ್ನು ಹೀರಿಕೊಳ್ಳುತ್ತದೆ. ಆಗ ಹುಟ್ಟುವ ಉಗ್ರರೂಪದ ಆಮ್ಲಜನಕ ಆ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಕೆಂಪು ಬೆಳಕು ಇನ್ನೂ ಸ್ವಲ್ಪ ಆಳಕ್ಕಿಳಿದು ಉರಿಯೂತವನ್ನು ತಗ್ಗಿಸಬಲ್ಲದು.

ಆದರೆ ಮೊಡವೆಗೆ ಬ್ಯಾಕ್ಟೀರಿಯಾ ಒಂದೇ ಕಾರಣವಲ್ಲ. ಹಾರ್ಮೋನುಗಳ ಪ್ರಭಾವದಿಂದ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ, ಸತ್ತ ಜೀವಕೋಶಗಳು ಕೂಪದ ಬಾಯಿ ಕಟ್ಟುತ್ತವೆ. ನೀಲಿ ದೀಪ ಇವೆರಡನ್ನೂ ತಡೆಯುವುದಿಲ್ಲ. ದೀಪ ಆರಿಸಿದ ಮೇಲೆ ಉಳಿದ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತದೆ. ಇದು ಕ್ಲಿನಿಕ್ಕಿನವರಿಗೆ ಗೊತ್ತಿರುವ ಸಂಗತಿ. ಹಣ ಕಟ್ಟುವ ಮೊದಲು ನಮಗೂ ಗೊತ್ತಾಗಬೇಕಿತ್ತು.

ಕಾಮಾಲೆ ಬಂದ ಹಸುಗೂಸನ್ನು ಆಸ್ಪತ್ರೆಯಲ್ಲಿ ನೀಲಿ ಬೆಳಕಿನಡಿ ಮಲಗಿಸುವುದನ್ನು ನೋಡಿದ್ದೀರಲ್ಲ? ‘ಮಗೂನ ಲೈಟಿಗಿಟ್ಟಿದಾರೆ’ ಅನ್ನುತ್ತೇವೆ. ಅಲ್ಲಿ ರಕ್ತದಲ್ಲಿ ಬಿಲಿರುಬಿನ್ ಎಷ್ಟಿದೆ ಎಂದು ಅಳೆಯುತ್ತಾರೆ, ಅದು ಇಳಿದ ಮೇಲೆ ದೀಪ ಆರಿಸುತ್ತಾರೆ. ಬೆಳಕು ಎಷ್ಟು ಬೇಕೆಂದು ಮಗುವಿನ ಮೈ ಹೇಳುತ್ತದೆ. ಮೊಡವೆಯ ಬೆಳಕನ್ನು ನಿರ್ಧರಿಸುವುದು ಪ್ಯಾಕೇಜು: ಆರು ಸಿಟ್ಟಿಂಗ್, ಎಂಟು ಸಿಟ್ಟಿಂಗ್, ಹನ್ನೆರಡು ತೆಗೆದುಕೊಂಡರೆ ಎರಡು ಫ್ರೀ. ಮುಖ ನೋಡುವ ಮೊದಲೇ ಲೆಕ್ಕ ಮುಗಿದಿರುತ್ತದೆ.

ನಾನು ಇಂಥದೊಂದು ಪ್ಯಾಕೇಜು ತೆಗೆದುಕೊಂಡಿದ್ದು ಅತಿಥಿ ಉಪನ್ಯಾಸಕಿಯಾಗಿ ಸೇರಿದ ವರ್ಷ. ವಾರಕ್ಕೆ ಎರಡರಂತೆ ಎಂಟು ಸಿಟ್ಟಿಂಗ್, ಇಪ್ಪತ್ತೆಂಟು ಸಾವಿರ ರೂಪಾಯಿ, ಕಂತಿನ ಸೌಲಭ್ಯ. ಕಂತು ತಿಂಗಳು ತಿಂಗಳು ಹೋಗುತ್ತಿತ್ತು. ಸಂಬಳ ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಬೆಲೆಯ ಮಾತನ್ನು ಡಾಕ್ಟರು ಆಡಲಿಲ್ಲ. ಪಕ್ಕದ ಕೋಣೆಯಲ್ಲಿ ‘ಕೌನ್ಸೆಲರ್’ ಎಂಬ ಹುಡುಗಿ ಆಡಿದಳು. ಕಣ್ಣಿಗೆ ಕನ್ನಡಕ ಕಟ್ಟಿ ಇಪ್ಪತ್ತು ನಿಮಿಷ ಮಲಗಿಸುತ್ತಿದ್ದರು. ನೋವೇನೂ ಇರಲಿಲ್ಲ; ಮುಖ ಬೆಚ್ಚಗಾಗಿ, ಮಾರನೆಯ ದಿನ ಕೆನ್ನೆ ಬಿಗಿಯುತ್ತಿತ್ತು. ನಾಲ್ಕನೇ ವಾರ ಮುಖ ನಿಜಕ್ಕೂ ತಿಳಿಯಾಯಿತು. ಆಗ ಫೋಟೊ ತೆಗೆದರು, ನಕ್ಷತ್ರ ಕೊಡಲು ಹೇಳಿದರು, ಕೊಟ್ಟೆ. ಆ ದಿನ ನನಗಾದ ಸಂತೋಷ ಸುಳ್ಳಲ್ಲ.

ಮೂರನೇ ತಿಂಗಳಿಗೆ ದವಡೆಯ ಅಂಚಿನಲ್ಲಿ ಗುಳ್ಳೆಗಳು ವಾಪಸು ಬಂದವು. ಎರಡೂ ಕೆನ್ನೆಯಲ್ಲಿ ಕಂದು ಕಲೆಗಳು ಎದ್ದುಕಂಡವು. ಅವು ಬೆಳಕಿನಿಂದ ಆದವೋ ಮೊಡವೆ ಬಿಟ್ಟುಹೋದವೋ ಎಂದು ತೀರ್ಮಾನಿಸುವ ದಾರಿಯೇ ಇರಲಿಲ್ಲ, ಯಾಕೆಂದರೆ ನನ್ನ ಮೊದಲ ದಿನದ ಫೋಟೊವನ್ನು ಬೇರೆ ಬೆಳಕಿನಲ್ಲಿ, ಬೇರೆ ಕೋನದಿಂದ ತೆಗೆದಿದ್ದರು. ಕೇಳಿದಾಗ ಸಿಕ್ಕ ಉತ್ತರಗಳು: ನಿಮ್ಮದು ಹಾರ್ಮೋನಲ್, ನೀವು ಹಾಲು ಜಾಸ್ತಿ ಕುಡಿಯುತ್ತೀರ, ನಿದ್ದೆ ಸಾಲದು, ಮೇಂಟೆನೆನ್ಸ್ ಪ್ಯಾಕೇಜ್ ತೆಗೆದುಕೊಳ್ಳಬೇಕಿತ್ತು. ಗುಣವಾದಾಗ ಯಂತ್ರದ ಹೆಗ್ಗಳಿಕೆ, ಮರುಕಳಿಸಿದಾಗ ನನ್ನ ಹಾಲಿನ ಲೋಟ. ನಾಲ್ಕನೇ ವಾರದ ನನ್ನ ಅರ್ಧ ಮುಖ ಅವರ ಪುಟದಲ್ಲಿ ಇನ್ನೂ ಇದೆ. ಮೂರನೇ ತಿಂಗಳ ಮುಖವನ್ನು ನಾನೇ ಕಳಿಸಿಕೊಟ್ಟಿದ್ದೆ. ಅದಕ್ಕೆ ಅಲ್ಲಿ ಜಾಗ ಸಿಗಲಿಲ್ಲ.

ಈಗ ನನ್ನ ತರಗತಿಯ ಮಕ್ಕಳು ಇದೇ ವಿಷಯ ಕೇಳಿಕೊಂಡು ಬರುತ್ತಾರೆ. ಒಬ್ಬ ಹುಡುಗನಿಗೆ ಕೆಂಪು-ನೀಲಿ ಬೆಳಕಿನಿಂದ ಒಳ್ಳೆಯದಾಯಿತು. ಅವನು ಜೊತೆಗೆ ಮುಲಾಮನ್ನೂ ತಪ್ಪದೆ ಹಚ್ಚುತ್ತಿದ್ದ. ಒಬ್ಬಳು ಮೊಡವೆಗೆಂದೇ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗುತ್ತಿದ್ದಳು. ಅದು ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಔಷಧಿ. ದೀಪದಡಿ ಮಲಗಿಸುವ ಮುನ್ನ ಯಾರೂ ಅವಳನ್ನು ಒಂದು ಮಾತು ಕೇಳಲಿಲ್ಲ. ಇದು ಸಣ್ಣ ವಿಷಯವಲ್ಲ. ಮನೆಯಲ್ಲೇ ಬಳಸುವ ನ್ಯೂಟ್ರೋಜೀನಾ ಬೆಳಕಿನ ಮುಖವಾಡವನ್ನು ಆ ಕಂಪನಿಯೇ 2019ರಲ್ಲಿ ಮಾರುಕಟ್ಟೆಯಿಂದ ವಾಪಸು ಪಡೆಯಿತು. ಕೆಲವು ಬಗೆಯ ಕಣ್ಣಿನ ಕಾಯಿಲೆ ಇರುವವರಿಗೆ, ಬೆಳಕಿಗೆ ಸೂಕ್ಷ್ಮವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಕಣ್ಣಿನ ಹಾನಿಯಾಗುವ ಸಾಧ್ಯತೆಯಿದೆ ಎಂಬುದು ಕಾರಣ.

ಇನ್ನೊಬ್ಬಳಿಗೆ ಮಾಡಿದ್ದು ಫೋಟೊಡೈನಮಿಕ್ ಚಿಕಿತ್ಸೆ. ಮುಖಕ್ಕೆ ಮೊದಲು ಔಷಧಿ ಹಚ್ಚಿ, ಅದು ಒಳಗಿಳಿಯಲು ಬಿಟ್ಟು, ಆಮೇಲೆ ಬೆಳಕು ಹಾಯಿಸುವ ವಿಧಾನ. ಇದು ಬರಿಯ ನೀಲಿ ದೀಪಕ್ಕಿಂತ ಪ್ರಬಲ, ಹಾಗೆಯೇ ಉರಿಯೂ ಹೆಚ್ಚು. ಎರಡು ದಿನ ಬಿಸಿಲಿಗೆ ಬೀಳಬಾರದು. ಬೆಳಿಗ್ಗೆ ಬಸ್ಸು ಹಿಡಿದು ನಲವತ್ತು ಕಿಲೋಮೀಟರ್ ದೂರದ ಕಾಲೇಜಿಗೆ ಬರುವ ಹುಡುಗಿಗೆ ಈ ಮಾತನ್ನು ಹೇಳಿದ್ದು ಚಿಕಿತ್ಸೆ ಮುಗಿದ ಮೇಲೆ. ಅವಳು ಸಹಿ ಹಾಕಿದ ಇಂಗ್ಲಿಷ್ ಕಾಗದದಲ್ಲಿದ್ದ ಎಚ್ಚರಿಕೆ ‘ಮೈಲ್ಡ್ ಡಿಸ್‌ಕಂಫರ್ಟ್’ ಎಂಬ ಎರಡು ಪದ. ಅವಳು ನನಗೆ ಕನ್ನಡದಲ್ಲಿ ಹೇಳಿದ್ದು ಬೇರೆ: ಮೊದಲು ಚುರುಚುರು ಅಂತು, ಆಮೇಲೆ ಮೆಣಸಿನಕಾಯಿ ಹಚ್ಚಿದ ಹಾಗೆ ಉರೀತು, ರಾತ್ರಿಯೆಲ್ಲ ಮುಖ ಧಗಧಗ ಅಂತಿತ್ತು, ಮೂರನೇ ದಿನ ಸಿಪ್ಪೆ ಎದ್ದು ನವೆ ಶುರುವಾಯಿತು. ಇಷ್ಟು ಹಂತಗಳಿರುವ ನೋವನ್ನು ಹೇಳಲು ನಮ್ಮ ಭಾಷೆಯಲ್ಲಿ ಇಷ್ಟು ಮಾತುಗಳಿರುವಾಗ, ಅವಳಿಗೆ ಅದನ್ನು ಮೊದಲೇ ಹೇಳದೆ ಹೋದದ್ದಕ್ಕೆ ಏನು ಸಬೂಬು?

‘ನಿಮ್ಮದು ನಾಲ್ಕು ಜನರ ಕತೆ, ಸಂಶೋಧನೆ ಏನು ಹೇಳುತ್ತದೆ?’ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ವೈದ್ಯಕೀಯ ಪುರಾವೆಗಳನ್ನು ಜರಡಿ ಹಿಡಿಯುವ ಕೊಕ್ರೇನ್ ಸಂಸ್ಥೆ 2016ರಲ್ಲಿ ಮೊಡವೆಯ ಬೆಳಕಿನ ಚಿಕಿತ್ಸೆಗಳ ಬಗ್ಗೆ 71 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಅವುಗಳಲ್ಲಿ ಪಾಲ್ಗೊಂಡವರು 4,211 ಮಂದಿ. ತರಂಗಾಂತರ ಒಂದೊಂದರಲ್ಲಿ ಒಂದೊಂದು, ಪ್ರಮಾಣ ಬೇರೆ ಬೇರೆ, ಅಳೆಯುವ ರೀತಿ ಬೇರೆ ಬೇರೆ. ಉತ್ತಮ ಗುಣಮಟ್ಟದ ಪುರಾವೆಯ ಕೊರತೆಯಿದೆ ಎಂಬುದು ಅದರ ನಿರ್ಣಯ. ಇದರರ್ಥ ಬೆಳಕು ಕೆಲಸ ಮಾಡುವುದಿಲ್ಲ ಎಂದಲ್ಲ. ಎಷ್ಟು, ಯಾರಿಗೆ, ಎಷ್ಟು ಕಾಲ ಎಂದು ಖಚಿತವಾಗಿ ಹೇಳುವಷ್ಟು ಆಧಾರವಿಲ್ಲ ಎಂದು. ಆಧಾರ ಇಷ್ಟು ತೆಳ್ಳಗಿರುವಾಗ ‘ಗ್ಯಾರಂಟಿ ರಿಸಲ್ಟ್’ ಎಂದು ಬೋರ್ಡು ಬರೆಸುವ ಧೈರ್ಯ ಎಲ್ಲಿಂದ ಬರುತ್ತದೆ?

ಇನ್ನು ನಮ್ಮ ಬಣ್ಣದ ಮಾತು. ಚರ್ಮದ ವರ್ಗೀಕರಣಕ್ಕೆ ಇಂದಿಗೂ ಬಳಸುವ ಅಳತೆಗೋಲನ್ನು ಅಮೆರಿಕದ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ್ದು ಬಿಳಿ ಚರ್ಮವನ್ನು ಮುಂದಿಟ್ಟುಕೊಂಡು. ಕಂದು ಮತ್ತು ಕಪ್ಪು ಚರ್ಮದ ವರ್ಗಗಳು ಆಮೇಲೆ ಸೇರಿದವು. ನಮ್ಮಲ್ಲಿ ಹೆಚ್ಚಿನವರ ಚರ್ಮ ನಾಲ್ಕು, ಐದನೇ ವರ್ಗದ್ದು. ಇಂಥ ಚರ್ಮಕ್ಕೆ ಸಣ್ಣ ಉರಿ, ಸಣ್ಣ ಗಾಯ ಆದರೂ ತಿಂಗಳುಗಟ್ಟಲೆ ಕಲೆ ನಿಲ್ಲುತ್ತದೆ. ಕಣ್ಣಿಗೆ ಕಾಣುವ ಬೆಳಕೇ, ಅದರಲ್ಲೂ ನೀಲಿ-ನೇರಳೆ ತುದಿಯ ಬೆಳಕು, ಕಂದು ಚರ್ಮವನ್ನು ಇನ್ನಷ್ಟು ಕಪ್ಪಾಗಿಸಬಲ್ಲದು. ಐಪಿಎಲ್ ಎಂಬ ಯಂತ್ರವಿದೆ (ಕ್ರಿಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ, ಇದು ‘ಇಂಟೆನ್ಸ್ ಪಲ್ಸ್‌ಡ್ ಲೈಟ್’). ಅದರ ಪ್ರಮಾಣವನ್ನು ಚರ್ಮದ ಬಣ್ಣಕ್ಕೆ ಹೊಂದಿಸದಿದ್ದರೆ ಸುಟ್ಟ ಗಾಯವೇ ಆಗುತ್ತದೆ. ಹಾಗಿರುವಾಗ ಗೋಡೆಯ ಮೇಲೆ ಬಿಳಿಯ ಹುಡುಗಿಯ ನುಣುಪು ಕೆನ್ನೆಯ ಚಿತ್ರ ಅಂಟಿಸಿ ನಮ್ಮ ಕೆನ್ನೆಗೆ ಭರವಸೆ ಕೊಡುವುದು ಯಾವ ಲೆಕ್ಕ?

ಕ್ಲಿನಿಕ್ಕಿನವರ ಪರವಾಗಿಯೂ ಒಂದು ಗಟ್ಟಿ ವಾದವಿದೆ. ವರ್ಷಾನುಗಟ್ಟಲೆ ಆಂಟಿಬಯಾಟಿಕ್ ಕೊಟ್ಟರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ತೀವ್ರ ಮೊಡವೆಗೆ ಪರಿಣಾಮಕಾರಿಯಾದ ಐಸೋಟ್ರೆಟಿನೊಯಿನ್ ಗರ್ಭಿಣಿಯರಿಗೆ ಕೊಡುವಂತಿಲ್ಲ; ಭ್ರೂಣಕ್ಕೆ ಘೋರ ಹಾನಿ ಮಾಡುತ್ತದೆ. ಮಾತ್ರೆ ಒಗ್ಗದವರಿಗೆ ಬೆಳಕು ಒಂದು ದಾರಿಯಾಗಬಹುದು. ಒಪ್ಪುತ್ತೇನೆ. ಆದರೆ ಆ ಮಾತನ್ನು ಹಾಗೆಯೇ ಹೇಳಿ. ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್‌ನಂಥ ಕಡಿಮೆ ಬೆಲೆಯ ಮುಲಾಮುಗಳಿವೆ, ಅವುಗಳ ಹಿಂದೆ ಗಟ್ಟಿ ಪುರಾವೆಯಿದೆ, ಎಂಟು ಹನ್ನೆರಡು ವಾರ ತಾಳ್ಮೆ ಬೇಕು ಎಂದು ಮೊದಲು ಹೇಳಿ. ಬೆಳಕು ಅವುಗಳ ಜೊತೆಗೆ ಸೇರಬಹುದಾದ ಒಂದು ಸಹಾಯ ಎಂದು ಆಮೇಲೆ ಹೇಳಿ. ಮುಲಾಮಿನ ಚೀಟಿ ಬರೆದರೆ ಇಪ್ಪತ್ತೆಂಟು ಸಾವಿರ ಸಿಗುವುದಿಲ್ಲ ಎಂಬುದೇ ಮೌನಕ್ಕೆ ಕಾರಣವಾಗಿದ್ದರೆ, ಅದನ್ನು ವೈದ್ಯಕೀಯ ಅಭಿಪ್ರಾಯ ಎಂದು ಕರೆಯಬೇಡಿ.

ನನ್ನ ಜಗಳ ಕ್ಲಿನಿಕ್ಕಿನವರ ಜೊತೆ ಮಾತ್ರವಲ್ಲ, ನಮ್ಮವರ ಜೊತೆಯೂ ಇದೆ. ಮನೆಯ ಹಿರಿಯರು ‘ವಯಸ್ಸಿಗೆ ಬಂದಿದ್ದು, ಮದುವೆಯಾದ್ರೆ ಹೋಗತ್ತೆ’ ಎಂದು ನಗುತ್ತಾರೆ. ಸಾಹಿತ್ಯದ ಗೆಳೆಯರು ‘ಇದೆಲ್ಲ ಸೌಂದರ್ಯದ ಗೀಳು, ಬಂಡವಾಳಶಾಹಿ ಹುಟ್ಟಿಸಿದ ಕೀಳರಿಮೆ’ ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಸುಶ್ರುತ ಸಂಹಿತೆ ಮೊಡವೆಯನ್ನು ‘ಮುಖದೂಷಿಕೆ’ ಎಂದು ಕರೆದು ಕ್ಷುದ್ರರೋಗಗಳ ಸಾಲಿಗೆ ಸೇರಿಸಿತು. ನಾವು ಆ ‘ಕ್ಷುದ್ರ’ವನ್ನಷ್ಟೇ ಹಿಡಿದುಕೊಂಡು ‘ರೋಗ’ವನ್ನು ಕೈಬಿಟ್ಟಂತಿದೆ. ಕೀವು ತುಂಬಿದ ಗಂಟು ದಿಂಬಿಗೆ ತಾಗಿ ನಿದ್ದೆಯಿಂದ ಎಚ್ಚರವಾಗುವವಳಿಗೆ ಅದು ಗೀಳಲ್ಲ, ನೋವು. ಕೆನ್ನೆಯ ಕುಳಿ ಕಾಣದಿರಲಿ ಎಂದು ತರಗತಿಯಲ್ಲಿ ಸದಾ ಗೋಡೆಯ ಬದಿಯ ಜಾಗ ಹುಡುಕುವ ಹುಡುಗ ನನಗೆ ಗೊತ್ತು. ಹೆಣ್ಣು ನೋಡಲು ಬಂದವರು ‘ಮುಖದ ತುಂಬ ಏನದು?’ ಎಂದು ಕೇಳಿ ಎದ್ದುಹೋದ ಮನೆಗಳೂ ಗೊತ್ತು. ನಾವು ಈ ಮಕ್ಕಳ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಕ್ಲಿನಿಕ್ಕಿನ ಕೌನ್ಸೆಲರ್ ಅರ್ಧ ಗಂಟೆ ಕೂತು ಕೇಳಿಸಿಕೊಂಡಳು. ಅವರು ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕಿತ್ತು?

ನಿಯಮಗಳಿಲ್ಲ ಎಂದೇನಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡಾವಳಿ ನಿಯಮಗಳು, ವೈದ್ಯರಾಗಲಿ ಅವರ ಸಂಸ್ಥೆಯಾಗಲಿ ನೇರವಾಗಿಯೋ ಸುತ್ತುಬಳಸಿಯೋ ರೋಗಿಗಳನ್ನು ಸೆಳೆಯುವುದು ಅನೈತಿಕ ಎನ್ನುತ್ತವೆ. ತಾನು ವಾಸಿಮಾಡಿದ ಪ್ರಕರಣಗಳ ಬಗ್ಗೆ ವೈದ್ಯ ಕೊಚ್ಚಿಕೊಳ್ಳಬಾರದು, ಅವು ಪ್ರಕಟವಾಗಲು ಬಿಡಲೂ ಬಾರದು ಎನ್ನುತ್ತವೆ. ಗೆರೆ ಎಳೆದ ಆ ಜೋಡಿ ಫೋಟೊಗಳು ಕೊಚ್ಚಿಕೊಳ್ಳುವುದಲ್ಲದೆ ಮತ್ತೇನು?

ಹಾಗಾಗಿ ನನ್ನ ಬೇಡಿಕೆಗಳು ಸರಳ. ಯಂತ್ರ ಯಾವುದು, ಬೆಳಕು ಯಾವ ತರಂಗಾಂತರದ್ದು, ಅದನ್ನು ನಡೆಸುವವರು ಯಾರು, ವೈದ್ಯರು ಆ ಹೊತ್ತಿಗೆ ಅಲ್ಲಿರುತ್ತಾರೋ ಇಲ್ಲವೋ ಎಂಬುದನ್ನು ಕನ್ನಡದಲ್ಲಿ ಬರೆದುಕೊಡಿ. ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ದೀಪ ಹಚ್ಚುವ ಮೊದಲು ಕೇಳಿ. ಹಣವನ್ನು ಒಂದೊಂದು ಸಿಟ್ಟಿಂಗಿಗೆ ತೆಗೆದುಕೊಳ್ಳಿ. ಮೂರನೆಯದರಲ್ಲೇ ಬೇಡವೆನಿಸಿದವರು ಎದ್ದುಹೋಗಲು ಬಿಡಿ. ಫೋಟೊ ತೆಗೆಯುವುದಾದರೆ ಒಂದೇ ಜಾಗದಲ್ಲಿ, ಒಂದೇ ದೀಪದಡಿ ತೆಗೆಯಿರಿ, ಆರನೇ ತಿಂಗಳು ಕರೆದು ಮತ್ತೊಮ್ಮೆ ತೆಗೆಯಿರಿ, ಅದನ್ನೂ ರೋಗಿಯ ಕೈಗೆ ಕೊಡಿ.

ಓದುಗರಲ್ಲೂ ಒಂದು ಮಾತು ಕೇಳುವುದಿದೆ. ನಿಮ್ಮಲ್ಲಿ ಎಷ್ಟೋ ಜನ ಆ ಕನ್ನಡಕ ಕಟ್ಟಿಕೊಂಡು ಮಲಗಿ ಬಂದಿದ್ದೀರಿ. ಒಳ್ಳೆಯದಾಗಿದ್ದರೆ ಒಳ್ಳೆಯದಾಯಿತು ಎಂದೇ ಬರೆಯಿರಿ, ಜೊತೆಗೆ ಯಾವ ಮುಲಾಮು ಹಚ್ಚುತ್ತಿದ್ದಿರಿ ಎಂಬುದನ್ನೂ ಬರೆಯಿರಿ. ಮರುಕಳಿಸಿದ್ದರೆ ಎಷ್ಟನೇ ತಿಂಗಳು ಎಂದು ಬರೆಯಿರಿ. ಕೊಟ್ಟ ಹಣ ಬರೆಯಿರಿ. ಉರಿ ಹೇಗಿತ್ತು ಎಂದು ನಿಮ್ಮ ಮನೆಯ ಮಾತಿನಲ್ಲೇ ಬರೆಯಿರಿ. ಮುಂದಿನ ವರ್ಷ ಹದಿನೆಂಟು ತುಂಬುವ ಯಾರೋ ಒಬ್ಬಳು ಕಂತಿನ ಕಾಗದಕ್ಕೆ ಸಹಿ ಹಾಕುವ ಮುಂಚೆ ನಾಲ್ಕನೇ ವಾರದ ಫೋಟೊದ ಪಕ್ಕ ಅದನ್ನೂ ಇಟ್ಟುಕೊಂಡು ಓದಲಿ.