ನಾಳೆಯ ಕತೆ ನಮಗೆ ನಿಷಿದ್ಧವೇ?

ಮುಸ್ಲಿಂ ಲೇಖಕರಿಂದ ಕನ್ನಡದ ಸಂಪಾದಕರು ಏನನ್ನು ಬಯಸುತ್ತಾರೆ? ತಲಾಖ್, ಬುರ್ಖಾ, ಬಡತನ, ಗಲಭೆ. ವಿಶೇಷಾಂಕಕ್ಕೆ ಕತೆ ಕೇಳುವಾಗಲೇ 'ನಿಮ್ಮವರ ಬದುಕಿನ ಬಗ್ಗೆ ಇರಲಿ' ಎಂಬ ಸೂಚನೆಯೂ ಬಂದುಬಿಡುತ್ತದೆ. ನಾವು ಇನ್ನೂರು ವರ್ಷಗಳಾಚೆಯ ಊರೊಂದನ್ನು ಕಲ್ಪಿಸಿ ಬರೆದರೆ 'ಇದರಲ್ಲಿ ನಿಮ್ಮ ಅನುಭವ ಎಲ್ಲಿದೆ?' ಎನ್ನುತ್ತಾರೆ. ಇತ್ತ ನಮ್ಮವರಲ್ಲೇ ಕೆಲವರಿಗೆ ಜಿನ್ನು-ಪರಿಗಳ ಕತೆಯೆಂದರೆ ಬರೀ ಸುಳ್ಳು, ಹೊತ್ತುಗೇಡು. ಪ್ರಗತಿಪರ ಮಿತ್ರರಿಗೋ ಅದು ಪಲಾಯನವಾದ.

ಪಲಾಯನವೇ? 1905ರಲ್ಲಿ ಮದರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್'ನಲ್ಲಿ ಬಂಗಾಳದ ರೊಕಿಯಾ ಸಖಾವತ್ ಹುಸೇನರ 'ಸುಲ್ತಾನಾಸ್ ಡ್ರೀಮ್' ಪ್ರಕಟವಾಯಿತು. ಅಲ್ಲಿ ಗಂಡಸರು ಪರದೆಯೊಳಗಿದ್ದಾರೆ. ಹೆಂಗಸರು ರಾಜ್ಯವಾಳುತ್ತಾರೆ, ಸೂರ್ಯನ ಶಾಖದಲ್ಲಿ ಅಡುಗೆ ಮಾಡುತ್ತಾರೆ, ಆಕಾಶದಿಂದಲೇ ನೀರು ಇಳಿಸಿಕೊಳ್ಳುತ್ತಾರೆ. ಈ ಕನಸು ಬರೆದ ಕೈಯೇ 1911ರಲ್ಲಿ ಕಲ್ಕತ್ತೆಯಲ್ಲಿ ಮುಸ್ಲಿಂ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆಯಿತು. ಓಡಿಹೋದವರು ಶಾಲೆ ಕಟ್ಟುತ್ತಾರೆಯೇ?

ಕಾವ್ಯದ ಮಾತೂ ಅಷ್ಟೇ. ಇಕ್ಬಾಲರ ಪಾರ್ಸಿ ಕಾವ್ಯ 'ಜಾವೀದ್ ನಾಮಾ' (1932) ರೂಮಿಯನ್ನು ದಾರಿ ತೋರುಗನನ್ನಾಗಿ ಮಾಡಿಕೊಂಡು ಗ್ರಹದಿಂದ ಗ್ರಹಕ್ಕೆ ಸಾಗುತ್ತದೆ. ಲಕ್ನೋದ ಮುನ್ಷಿ ನವಲ್ ಕಿಶೋರರ ಮುದ್ರಣಾಲಯ 1883ರಿಂದ ಸಂಪುಟಗಟ್ಟಲೆ ಅಚ್ಚು ಹಾಕಿದ 'ತಿಲಿಸ್ಮ್-ಎ-ಹೋಶ್‌ರುಬಾ'ದಲ್ಲಿ ಅಮರ್ ಅಯ್ಯಾರನ ಜಂಬೀಲ್ ಎಂಬ ಚೀಲದೊಳಗೆ ಲೋಕವೇ ಹಿಡಿಸುತ್ತದೆ. ಆ ಚೀಲದ ವಾರಸುದಾರರ ಕೈಗೆ ಈಗ ಕಣ್ಣೀರಿನ ಕರವಸ್ತ್ರವೊಂದೇ ಸಾಕೇ?

ಶ್ರೀಲಂಕಾ ಮೂಲದ ಮೇರಿ ಆ್ಯನ್ ಮೋಹನ್‌ರಾಜ್ 2000ದಲ್ಲಿ ಅಮೆರಿಕದಲ್ಲಿ ಆರಂಭಿಸಿದ ಅಂತರ್ಜಾಲ ಪತ್ರಿಕೆ 'ಸ್ಟ್ರೇಂಜ್ ಹೊರೈಜನ್ಸ್' ಇಂತಹ ಕತೆ ಮತ್ತು ಕವಿತೆಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಅದರ ಸಂಪಾದಕರು ಸಂಬಳವಿಲ್ಲದೆ ದುಡಿಯುತ್ತಾರೆ, ಓದುಗರು ದೇಣಿಗೆ ಕೊಡುತ್ತಾರೆ, ಓದು ಉಚಿತ. ಆದರೂ ಲೇಖಕರಿಗೆ ಸಂಭಾವನೆ ಉಂಟು. 2017ರಲ್ಲಿ ಹುಟ್ಟಿದ ಅದರ ಸೋದರಿ 'ಸಮೋವರ್' ಅನುವಾದದ ಜೊತೆಗೆ ಮೂಲಭಾಷೆಯ ರಚನೆಯನ್ನೂ ಕೊಡುತ್ತದೆ. ರಾಜಶೇಖರ ಭೂಸನೂರಮಠರು ವಿಜ್ಞಾನ ಕತೆಗಳನ್ನು ಬರೆದ ಕನ್ನಡಕ್ಕೆ ಇಷ್ಟು ಧೈರ್ಯ ಯಾಕಿಲ್ಲ?

ನೋವಿನ ಕತೆ ಬೇಡವೆಂದು ನಾವು ಹೇಳುತ್ತಿಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ನಮ್ಮ ಕಣ್ಣು ತೆರೆಸಿತು. ಬಾನು ಮುಷ್ತಾಕರ ಕತೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಬಂದಾಗ ನಾವೂ ಹೆಮ್ಮೆಪಟ್ಟಿದ್ದೇವೆ. ಆದರೆ ಗಾಯ ತೋರಿಸಿದರೆ ಮಾತ್ರ ಒಳಗೆ ಪ್ರವೇಶ ಎನ್ನುವುದು ಸಾಹಿತ್ಯದ ನ್ಯಾಯವಲ್ಲ, ಆಸ್ಪತ್ರೆಯ ನಿಯಮ.

ನಾಳಿನ ಭಾರತದ ಚಿತ್ರದಿಂದ ನಮ್ಮನ್ನು ಅಳಿಸಿಹಾಕುವವರು ಬಿಡುವಿಲ್ಲದೆ ಕಲ್ಪಿಸುತ್ತಿದ್ದಾರೆ. ಅವರ ಕಲ್ಪನೆಗೆ ಯಾರೂ 'ಅನುಭವ'ದ ಸಾಕ್ಷಿ ಕೇಳುವುದಿಲ್ಲ. ಆ ನಾಳೆಯಲ್ಲಿ ನಮ್ಮ ಮಕ್ಕಳೂ ಇರುತ್ತಾರೆ, ನಗುತ್ತಾರೆ, ಜಗಳವಾಡುತ್ತಾರೆ, ನಕ್ಷತ್ರಗಳನ್ನು ಎಣಿಸುತ್ತಾರೆ ಎಂದು ಬರೆಯಬೇಕಾದವರು ನಾವೇ. ಸಂಪಾದಕ ಮಹಾಶಯರೇ, ಮುಂದಿನ ವಿಶೇಷಾಂಕಕ್ಕೆ ನಮ್ಮ ನೋವನ್ನಷ್ಟೇ ಕೇಳಬೇಡಿ, ಕನಸನ್ನೂ ಕೇಳಿ.