ಕಸಕ್ಕೆ ಯಾವ ಹೆಸರು?

ಹೊಟ್ಟು ಉರಿದರೂ ಬೆಂಕಿಯೇ, ಪ್ಲಾಸ್ಟಿಕ್ ಉರಿದರೂ ಬೆಂಕಿಯೇ. ಆದರೆ ಕಾಯಿದೆಯ ಕಣ್ಣಿಗೆ ಎರಡೂ ಒಂದೇ ಆಗಬಹುದೆ? ನಗರದ ಕಸವನ್ನು ಸುಟ್ಟು ವಿದ್ಯುತ್ತು ಪಡೆಯುವ ಯೋಜನೆಯನ್ನು ವಿರೋಧಿಸಿ, ಕೊಡುಂಗೈಯೂರಿನ ಕಡೆಯ ಉತ್ತರ ಚೆನ್ನೈ ನಿವಾಸಿಗಳು 2025ರಲ್ಲಿ ಬೀದಿಗಿಳಿದು ಕೈ ಕೈ ಹಿಡಿದು ನಿಂತರು. ಅವರು ಎತ್ತಿದ ಪ್ರಶ್ನೆಯ ಬೇರು ಇರುವುದು ಇಲ್ಲಿಯೇ.

2003ರ ವಿದ್ಯುತ್ ಕಾಯಿದೆಯ 86ನೆಯ ಸೆಕ್ಷನ್ನು ನವೀಕರಿಸಬಹುದಾದ ಮೂಲಗಳ ವಿದ್ಯುತ್ತನ್ನು ಪ್ರೋತ್ಸಾಹಿಸುವ ಹೊಣೆಯನ್ನು ರಾಜ್ಯಗಳ ವಿದ್ಯುತ್ ನಿಯಂತ್ರಣ ಆಯೋಗಗಳಿಗೆ ವಹಿಸಿತು. ಬಯೋಮಾಸ್ ಎಂದರೇನೆಂದು ಮಾತ್ರ ಆ ಕಾಯಿದೆ ಹೇಳಲಿಲ್ಲ. ಅದು ನಿಯಮಾವಳಿಗಳ ಪಾಲಿಗೆ ಬಂತು. ಕೇಂದ್ರ ಆಯೋಗದ 2009ರ ನಿಯಮಾವಳಿ ಅದನ್ನು ಬಿಡಿಸಿ ಹೇಳಿತು: ಬೇಸಾಯ ಮತ್ತು ಅರಣ್ಯದ ಕೆಲಸದಲ್ಲಿ ಉಳಿಯುವ ಹುಲ್ಲು, ದಂಟು, ಬೆಳೆಯನ್ನು ಸಂಸ್ಕರಿಸುವಾಗ ಬರುವ ಹೊಟ್ಟು, ಚಿಪ್ಪು, ಹಿಂಡಿ, ಇಂಧನಕ್ಕೆಂದೇ ಬೆಳೆಸಿದ ಮರ, ಕಾಡು ಪೊದೆ, ಕಳೆಗಳ ಸೌದೆ, ಕೆಲವು ಕೈಗಾರಿಕೆಗಳ ಮರದ ಚೂರು. ಕಲ್ಲಿದ್ದಲಿನಂಥ ಇಂಧನವು ವರ್ಷದ ಒಟ್ಟು ಬಳಕೆಯ ಶೇಕಡ 15ನ್ನು ಮೀರಬಾರದೆಂದೂ ಅಂದು ಕಟ್ಟು ಮಾಡಿತು.

ಈ ಪಟ್ಟಿಯಲ್ಲಿ ನ್ಯಾಯವುಂಟು. ಹೊಟ್ಟು ಮುಂದಿನ ಸುಗ್ಗಿಗೆ ಮತ್ತೆ ಬರುತ್ತದೆ. ರಾಮನಾಥಪುರದ ಸೀಮೆಯಲ್ಲಿ ಹೊಲಗಳನ್ನು ನುಂಗಿರುವ ಬಳ್ಳಾರಿ ಜಾಲಿ ಕಡಿದಷ್ಟೂ ಚಿಗುರುತ್ತದೆ. ಆದರೆ ಊರಿನ ಬೆರಕೆ ಕಸವನ್ನು ಸುಟ್ಟು ಬರುವ ವಿದ್ಯುತ್ತಿಗೂ ನವೀಕರಿಸಬಹುದಾದದ್ದೆಂಬ ಅದೇ ಮುದ್ರೆ ಬಿದ್ದಿದೆ. ಅಷ್ಟೇ ಅಲ್ಲ, ರಾಜ್ಯದ ಕಸದ ಸ್ಥಾವರಗಳ ವಿದ್ಯುತ್ತನ್ನೆಲ್ಲ ವಿತರಣಾ ಕಂಪನಿಗಳು ಕೊಳ್ಳಲೇಬೇಕೆಂದು 2016ರ ದರನೀತಿ ವಿಧಿಸಿತು. ಆ ಕಸದಲ್ಲಿರುವ ಪ್ಲಾಸ್ಟಿಕ್ ಯಾವ ಹೊಲದಲ್ಲಿ ಬೆಳೆಯಿತು? ಅದು ನೆಲದೊಳಗಿನ ಎಣ್ಣೆಯ ಮಗುವಲ್ಲವೆ?

ಹೆಸರು ಬದಲಾದರೆ ಹಣದ ದಾರಿ ಬದಲಾಗುತ್ತದೆ. ಕೊಂಡ ವಿದ್ಯುತ್ತಿನ ಬೆಲೆ ಕೊನೆಗೆ ಬಳಕೆದಾರನ ಲೆಕ್ಕಕ್ಕೇ ಬರುತ್ತದೆ. ಹೊಗೆಯ ಭಯ ಬಡವರ ಬೀದಿಗೆ. ಚಿಂದಿ ಆಯ್ದು ಬದುಕುವವರ ಅನ್ನ ಕುಲುಮೆಗೆ.

ಕಸದ ಗುಡ್ಡ ಹಾಗೆಯೇ ಇರಲೆಂದು ನಾವು ಹೇಳುವುದಿಲ್ಲ. ಕೋಯಂಬೇಡು ಮಾರುಕಟ್ಟೆಯ ತರಕಾರಿ ಕಸವನ್ನು ಕೊಳೆಸಿ, ಅದರ ಅನಿಲದಿಂದ ವಿದ್ಯುತ್ತು ತೆಗೆಯುವ ಘಟಕ 2005ರಲ್ಲಿಯೇ ಈ ನಗರದಲ್ಲಿ ಆರಂಭವಾಯಿತು. ಹಸಿ ಕಸ ಬೇರೆಯಾದರೆ ದಾರಿಯುಂಟೆಂಬುದಕ್ಕೆ ಅದೇ ಸಾಕ್ಷಿ.

ಆದುದರಿಂದ ನಮ್ಮ ಒತ್ತಾಯ ಇಷ್ಟು: ಬೆಳೆದು ಬಂದದ್ದಕ್ಕೆ ಮಾತ್ರ ನವೀಕರಿಸಬಹುದಾದದ್ದೆಂಬ ಹೆಸರೂ ಸವಲತ್ತೂ ಸಲ್ಲಲಿ, ಬೆರಕೆ ಕಸದ ಬೆಂಕಿಗೆ ಬೇರೆ ಲೆಕ್ಕವಿರಲಿ, ಕಸ ಆಯುವ ಕೆಲಸಗಾರರಿಗೆ ವಿಂಗಡಣೆಯ ಕೆಲಸದಲ್ಲಿ ಕೂಲಿಯೂ ಭದ್ರತೆಯೂ ದೊರೆಯಲಿ. ಕನ್ನಡ ಬಂಧುಗಳೂ ತಮ್ಮ ತಮ್ಮ ಮನೆಯಲ್ಲಿ ಹಸಿ ಕಸ, ಒಣ ಕಸವನ್ನು ಇಂದೇ ಬೇರ್ಪಡಿಸತೊಡಗಲಿ. ಸರ್ಕಾರವನ್ನು ಕೇಳುವ ನಮ್ಮ ಹಕ್ಕು ಅದರಿಂದ ಇನ್ನಷ್ಟು ಗಟ್ಟಿಯಾದೀತು.