ಜ್ವರದ ಲೆಕ್ಕ ಲೈನಿನಿಂದಲೇ ಶುರುವಾಗಲಿ



ಮಳೆ ಹಿಡಿಯಿತೆಂದರೆ ವಯನಾಡಿನ ತೋಟಗಳಲ್ಲಿ ಕೆಮ್ಮು, ನೆಗಡಿ, ಜ್ವರ ಮನೆಮನೆಗೂ ಬರುತ್ತವೆ. "ಮಳೆಗಾಲದ ಜ್ವರ ತಾನೇ, ಎರಡು ದಿನದಲ್ಲಿ ಹೋಗುತ್ತದೆ" ಎಂದು ಕಷಾಯ ಕುಡಿದು ಕೆಲಸಕ್ಕೆ ಹೊರಡುತ್ತೇವೆ. ಹಾಜರಿ ತಪ್ಪಿದರೆ ಕೂಲಿ ತಪ್ಪೀತೆಂಬ ಭಯ ಯಾರಿಗಿಲ್ಲ? ಆದರೆ ಹೀಗೆ ಮುಚ್ಚಿಟ್ಟ ಜ್ವರ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಲೆಕ್ಕಕ್ಕೆ ಸೇರದ ಜ್ವರವನ್ನು ಹುಡುಕಿಕೊಂಡು ಡಾಕ್ಟರೂ ಬರುವುದಿಲ್ಲ, ಔಷಧವೂ ಬರುವುದಿಲ್ಲ.

ಸರ್ಕಾರ ಲೆಕ್ಕ ಇಡುವುದಿಲ್ಲವೆಂದಲ್ಲ. ರೋಗಗಳ ಮೇಲೆ ಕಣ್ಣಿಡಲು ಕೇಂದ್ರ ಸರ್ಕಾರ 2004ರಲ್ಲಿ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ಆರೋಗ್ಯ ಕಾರ್ಯಕರ್ತರು ಸಂಶಯಪಟ್ಟದ್ದು, ಡಾಕ್ಟರು ಪರೀಕ್ಷಿಸಿ ಗುರುತಿಸಿದ್ದು, ಪ್ರಯೋಗಾಲಯ ಖಚಿತಪಡಿಸಿದ್ದು ಎಂದು ಅದರಲ್ಲಿ ಮೂರು ಬಗೆಯ ಲೆಕ್ಕವಿದೆ. ಕೇರಳದ ಆರೋಗ್ಯ ಇಲಾಖೆ ಜಿಲ್ಲೆ ಜಿಲ್ಲೆಯ ಜ್ವರದ ಅಂಕಿಗಳನ್ನು ಪ್ರಕಟಿಸುತ್ತದೆ. ಎಚ್‌1ಎನ್‌1, ಡೆಂಗಿ, ಇಲಿಜ್ವರಗಳನ್ನು ಬೇರೆಬೇರೆಯಾಗಿ ತೋರಿಸುತ್ತದೆ. ಮಲಯಾಳ ಪತ್ರಿಕೆಯಲ್ಲಿ ಬಂದ ಈ ಸುದ್ದಿಯನ್ನು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಕೇಳಿರಿ. ಆದರೆ ಒಂದು ಮಾತು ನೆನಪಿರಲಿ: ಆ ಅಂಕಿ ಆಸ್ಪತ್ರೆಯ ಬಾಗಿಲಿಗೆ ಹೋದವರದು. ಲೈನಿನಲ್ಲಿ ಕಂಬಳಿ ಹೊದ್ದು ಮಲಗಿದವರು ಅದರಲ್ಲಿಲ್ಲ.

ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದ ಸುಮಾರಿಗೆ ಇನ್ನೊಮ್ಮೆ. ಜ್ವರ ಕಾಣುವ ಒಂದು ದಿನ ಮೊದಲೇ ಅದು ಇನ್ನೊಬ್ಬರಿಗೆ ಅಂಟಬಲ್ಲದು; ಕಂಡ ಮೇಲೂ ಐದಾರು ದಿನ ಅಂಟುತ್ತದೆ. ಗೋಡೆಗೆ ಗೋಡೆ ತಾಗಿದ ಲೈನು ಮನೆಗಳಲ್ಲಿ, ಒಂದೇ ಜೀಪಿನಲ್ಲಿ ಒತ್ತಿ ಕುಳಿತು ಹೋಗುವಲ್ಲಿ ಅದಕ್ಕೆ ತಡೆಯೇ ಇಲ್ಲ.

ಆದ್ದರಿಂದ ಪ್ರತಿ ಲೈನಿನಲ್ಲೂ ಒಂದು ನೋಟುಬುಕ್ಕು ಇರಲಿ. ಓದುಬರಹ ಬಲ್ಲ ಹುಡುಗನೋ ಹುಡುಗಿಯೋ ಅದನ್ನು ನೋಡಿಕೊಳ್ಳಲಿ. ತಾರೀಕು, ಮನೆ ನಂಬರು, ಜ್ವರ ಬಂದವರು ಎಷ್ಟು ಮಂದಿ, ಇಷ್ಟು ಬರೆದರೆ ಸಾಕು, ಹೆಸರು ಬೇಡ. ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆಗೆ ಇಲ್ಲವೆ ತೋಟದ ನರ್ಸಮ್ಮನಿಗೆ ತೋರಿಸಿರಿ. ಹೋದ ವಾರ ಎರಡು ಮನೆ, ಈ ವಾರ ಏಳು ಮನೆ ಎಂದಾದರೆ ವಾರ ಮುಗಿಯುವ ತನಕ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ಎಲ್ಲ ಜ್ವರವೂ ಫ್ಲೂ ಅಲ್ಲ. ಮೀನಖಂಡದ ನೋವು, ಕೆಂಪು ಕಣ್ಣು ಇದ್ದರೆ ಇಲಿಜ್ವರವಿರಬಹುದು. ಅಂಗಡಿಯ ಮಾತ್ರೆ ನುಂಗಿ ಸುಮ್ಮನಿರಬೇಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮಗು ಹಾಲು ಬಿಟ್ಟು ಮಂಕಾದರೆ ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಸುರಿಯರು, ಮುದುಕರು, ಚಿಕ್ಕ ಮಕ್ಕಳು, ಸಕ್ಕರೆ ಕಾಯಿಲೆ ಅಥವಾ ಉಬ್ಬಸ ಇರುವವರು ಮೊದಲ ದಿನವೇ ಡಾಕ್ಟರನ್ನು ಕಾಣಲಿ. ಫ್ಲೂವಿಗೆ ಕೊಡುವ ಔಷಧವು ಎರಡು ದಿನಗಳ ಒಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ.

ತೋಟದ ಆಡಳಿತದವರಿಗೂ ಒಂದು ಮಾತು. ಕಾಯಿಲೆ ಬಿದ್ದ ಕಾರ್ಮಿಕರಿಗೆ ಚಿಕಿತ್ಸೆ ಮತ್ತು ಭತ್ಯೆ ಸಲ್ಲಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ಜ್ವರವೆಂದು ಹೇಳಿದವಳ ಹಾಜರಿಗೆ ಕತ್ತರಿ ಬಿದ್ದರೆ ನಾಳೆ ಯಾರೂ ಬಾಯಿ ಬಿಡುವುದಿಲ್ಲ. ಒಬ್ಬಳಿಗೆ ಮೂರು ದಿನ ರಜೆ ಕೊಟ್ಟರೆ ಇಡೀ ಗ್ಯಾಂಗು ಮಲಗುವುದು ತಪ್ಪೀತು.

ದಿನವೂ ಸೊಪ್ಪಿನ ತೂಕವನ್ನು ಕಿಲೋ ಕಿಲೋ ಲೆಕ್ಕ ಹಾಕುವವರು ನಾವು. ನಮ್ಮ ಮಕ್ಕಳ ಮೈಬಿಸಿಯ ಲೆಕ್ಕವನ್ನೂ ಅಷ್ಟೇ ಜೋಪಾನವಾಗಿ ಇಡೋಣ.